ಕಣದ ರಾಶಿಯಿಂದ ಮಾರ್ಚಿ ರಸೀದಿವರೆಗೆ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘವು ಇಪ್ಪತ್ತೈದು ವರ್ಷ ಪೂರೈಸಿ ಬೆಳ್ಳಿಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆಯಲೇಬೇಕೆಂದು ಅಧ್ಯಕ್ಷರು ಪಟ್ಟು ಹಿಡಿದರು. ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕೆ ಇಳಿದ ನಮಗೆ ಬರವಣಿಗೆ ಅಷ್ಟಾಗಿ ಒಗ್ಗದ ಕೆಲಸ. ಸಂಘ ಹುಟ್ಟಿದ್ದು, ಬೆಳೆದದ್ದು, ದಿನಕ್ಕೆ ಎಷ್ಟು ಲೀಟರ್ ಹಾಲು, ಎಷ್ಟು ಬೋನಸ್ ಎಂಬುದನ್ನೆಲ್ಲ ಕಾರ್ಯದರ್ಶಿಗಳು ಬೇರೆ ಪುಟದಲ್ಲಿ ಕೊಟ್ಟಿದ್ದಾರೆ. ನಾವು ಆರಿಸಿಕೊಂಡಿರುವುದು ದಾನದ ವಿಷಯ. ಅದರಲ್ಲೂ ವರ್ಷದ ಕೊನೆಗೆ ಕೊಡುವ ದಾನ, ಅದಕ್ಕೆ ಸರ್ಕಾರ ಬಿಡುವ ತೆರಿಗೆ.

ಹಾಲಿನ ಸಂಘಕ್ಕೂ ಇದಕ್ಕೂ ಏನಪ್ಪ ಸಂಬಂಧ ಎಂದು ಕೇಳಬಹುದು. ಬೆಳ್ಳಿಹಬ್ಬದ ನಿಧಿಗೆಂದು ನಾವು ನಾಲ್ಕು ಜನ ನಿರ್ದೇಶಕರು ಬೆಂಗಳೂರಿಗೆ ಹೋಗಿ ನಮ್ಮೂರಿನ ಮಕ್ಕಳ ಮನೆ ಮನೆ ಸುತ್ತಿದೆವು. ಎಲ್ಲರೂ ಕಾಫಿ ಕೊಟ್ಟರು, ಊರಿನ ಕೆರೆ ತುಂಬಿತಾ ಎಂದು ಕೇಳಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. “ಎಯ್ಟಿ ಜಿ ಇದೆಯಾ?” ನಮ್ಮ ಜೊತೆ ಬಂದಿದ್ದ ಹಿರಿಯ ನಿರ್ದೇಶಕರೊಬ್ಬರು ಅದು ಯಾವುದೋ ಮೊಬೈಲು ಎಂದು ತಿಳಿದುಕೊಂಡಿದ್ದರು. ನಮಗೆ ಮಾತ್ರ ಆ ಎರಡು ಅಕ್ಷರ ಕೇಳಿದರೆ ಈಗಲೂ ಸ್ವಲ್ಪ ಎದೆ ಹೊಡೆದುಕೊಳ್ಳುತ್ತದೆ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇವೆ. ಮೊದಲು ಹಳೇ ಕಾಲಕ್ಕೆ ಹೋಗಿ ಬರೋಣ.

ನಾವು ಚಿಕ್ಕವರಿದ್ದಾಗ ಊರಿನಲ್ಲಿ ಇನ್ನೂ ಕಣ ಮಾಡುತ್ತಿದ್ದರು. ಈಗಿನಂತೆ ಡಾಂಬರು ರಸ್ತೆ ಮೇಲೆ ರಾಗಿ ಹಾಸಿ ಬಸ್ಸಿಗೆ ತುಳಿಸುವುದಾಗಲಿ, ಗಂಟೆ ಲೆಕ್ಕದ ಮಿಷನ್ನಾಗಲಿ ಇರಲಿಲ್ಲ. ಸಂಕ್ರಾಂತಿ ಆಸುಪಾಸಿಗೆ ಮೆದೆ ಕಿತ್ತು, ಸಗಣಿ ಹಾಕಿ ಸಾರಿಸಿದ ಕಣದಲ್ಲಿ ರೋಣಗಲ್ಲು ಹೊಡೆದು, ಗಾಳಿ ನೋಡಿ ತೂರಿ, ರಾಶಿ ಮಾಡಿ, ಮೇಲೊಂದು ಸಗಣಿ ಬೆನಕನನ್ನು ಇಟ್ಟು ಪೂಜೆ ಮಾಡುತ್ತಿದ್ದರು. ನಮ್ಮ ತಾತ ಕೊಳಗ ಹಿಡಿದು ಕೂತರೆ ಮೊದಲನೆಯದಕ್ಕೆ ಒಂದು ಅನ್ನುತ್ತಿರಲಿಲ್ಲ, “ಲಾಭ” ಅನ್ನುತ್ತಿದ್ದರು. ಆಮೇಲೆ ಎರಡು, ಮೂರು. ರಾಶಿ ಮನೆಗೆ ಹೋಗುವುದಕ್ಕೆ ಮುಂಚೆ ಕಣದಲ್ಲೇ ಕೊಡುವುದು ಕೊಟ್ಟು ಮುಗಿಸಬೇಕು. ಮನೆ ಹೊಸ್ತಿಲು ದಾಟಿದ ಮೇಲೆ ಕೊಡುವುದಕ್ಕೆ ಮನಸ್ಸು ಬರಲ್ಲ ಎಂದು ತಾತ ಹೇಳುತ್ತಿದ್ದರು. ದಾಸಯ್ಯ, ಜೋಗಿ, ಬುಡಬುಡಿಕೆಯವನು, ವಂಶಾವಳಿ ಹೇಳುವ ಹೆಳವ, ಮಠದ ಗಾಡಿ, ದೇವಸ್ಥಾನದ ಪೂಜಾರಿ ಎಲ್ಲರೂ ಅದೇ ಹದಿನೈದು ದಿನದಲ್ಲಿ ಬರುವರು. ಅವರಿಗೆ ನಮ್ಮ ವರ್ಷದ ಕೊನೆ ಯಾವಾಗ ಎಂದು ಚೆನ್ನಾಗಿ ಗೊತ್ತಿತ್ತು.

ನಮ್ಮ ತುಮಕೂರು ಸೀಮೆಯಲ್ಲಿ ಸಿದ್ಧಗಂಗೆಯ ಮಾತು ಬಿಟ್ಟು ಈ ವಿಷಯ ಹೇಳಲು ಬರುವುದಿಲ್ಲ. 2019ರ ಜನವರಿ 21ರಂದು ಶಿವೈಕ್ಯರಾದ ಶ್ರೀ ಶಿವಕುಮಾರ ಸ್ವಾಮೀಜಿಯವರು ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ಅಕ್ಷರ ಕೊಟ್ಟರು. ಆ ದಾಸೋಹದ ಒಲೆಗೆ ಸುತ್ತಮುತ್ತಲಿನ ರೈತರ ರಾಗಿ, ತೆಂಗಿನಕಾಯಿ, ಸೌದೆ ಹೋಗುತ್ತಿತ್ತು. ಈಗಲೂ ಹೋಗುತ್ತಿದೆ. ಒಂದು ಮೂಟೆ ರಾಗಿ ಕೊಟ್ಟವನು ರಸೀದಿ ಕೇಳಿದ್ದನ್ನು ನಾವು ನೋಡಿಲ್ಲ. ಇದು ಹೆಮ್ಮೆಯ ಮಾತೇ.

ಆದರೆ ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಕಣದಲ್ಲಿ ಕೊಟ್ಟದ್ದೆಲ್ಲ ದಾನವಲ್ಲ. ನೇಗಿಲು ಮಾಡಿಕೊಟ್ಟ ಬಡಗಿ, ಕುಳ ತಟ್ಟಿಕೊಟ್ಟ ಕಮ್ಮಾರ, ಬಟ್ಟೆ ಒಗೆದ ಅಗಸರು, ಕ್ಷೌರ ಮಾಡಿದವರು, ಕೆರೆ ತೂಬು ಕಾಯ್ದ ನೀರಗಂಟಿ, ಊರು ಕಾಯ್ದ ತೋಟಿ, ಇವರೆಲ್ಲ ವರ್ಷಾನುಗಟ್ಟಲೆ ದುಡಿದು ಸುಗ್ಗಿಯಲ್ಲಿ ಆಯ ತೆಗೆದುಕೊಳ್ಳುತ್ತಿದ್ದರು. ಅದು ಅವರ ಸಂಬಳ. ನಮ್ಮ ಮನೆಗಳಲ್ಲಿ ಮಾತ್ರ ಅದನ್ನೂ ಸೇರಿಸಿ “ನಮ್ಮ ಕಣದಲ್ಲಿ ಇಷ್ಟು ಖಂಡುಗ ಧರ್ಮ ಆಯ್ತು” ಎಂದು ಹೇಳಿಕೊಳ್ಳುತ್ತಿದ್ದರು. ಹರಿಜನ ಕೇರಿಯವರಿಗೆ ಕಣದ ಅಂಚಿನಲ್ಲಿ ನಿಲ್ಲಿಸಿ ಕಲ್ಲುಮಣ್ಣು ಸೇರಿದ ಅಡಿರಾಗಿ ಗೋರಿ ಹಾಕಿದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ. ಆ ಅಂಚಿನಲ್ಲಿ ನಿಂತವರ ಮಕ್ಕಳು ಇವತ್ತು ನಮ್ಮ ಸಂಘದ ಸದಸ್ಯರು. ಅದೇ ಸಾಲಿನಲ್ಲಿ ನಿಂತು, ಅದೇ ಅಳತೆಗೆ ಹಾಲು ಹಾಕಿ, ಅದೇ ದರ ಪಡೆಯುತ್ತಾರೆ. ಕೂಲಿ ಬಾಕಿಯನ್ನು ದಾನದ ಖಾತೆಗೆ ಬರೆದುಕೊಳ್ಳುವುದು ಲೆಕ್ಕದ ತಪ್ಪು. ಇಂಥ ಹಾಳೆ ಆಡಿಟರ್ ಮುಂದೆ ಹೋಗಿದ್ದರೆ ಕೆಂಪು ಶಾಯಿ ಬೀಳುತ್ತಿತ್ತು.

ಇನ್ನು ತೆರಿಗೆ ವಿನಾಯಿತಿಯ ವಿಚಾರ. ದಾನ ಮಾಡಿದರೆ ತೆರಿಗೆ ಬಿಡುವುದು ಈಗ ಬಂದ ಹೊಸ ಪದ್ಧತಿ ಎಂದು ಬಹಳ ಜನ ತಿಳಿದಿದ್ದಾರೆ. ಅದು ನಮ್ಮ ನೆಲದಲ್ಲಿ ಬಹಳ ಹಳೆಯದು. ನಮ್ಮೂರ ಕೆರೆ ಏರಿ ಮೇಲಿನ ಕಲ್ಲನ್ನು ಎಲ್ಲರೂ ಬಲ್ಲಿರಿ. ಅಕ್ಷರ ಸವೆದು ಹೋಗಿದೆ, ಮೇಲಿನ ಸೂರ್ಯ ಚಂದ್ರ ಮಾತ್ರ ಕಾಣುತ್ತವೆ. ಎಮ್ಮೆಗಳು ಮೈ ಉಜ್ಜುತ್ತವೆ. ಬಿ.ಎಲ್. ರೈಸ್ ಎಂಬ ಸಾಹೇಬರು ಮೈಸೂರು ಸಂಸ್ಥಾನದ ಇಂಥ ಕಲ್ಲುಗಳನ್ನು ಓದಿಸಿ “ಎಪಿಗ್ರಾಫಿಯ ಕರ್ನಾಟಿಕ” ಎಂಬ ಸಂಪುಟಗಳನ್ನು ಮಾಡಿದರು. ತುಮಕೂರು ಜಿಲ್ಲೆಯ ಹನ್ನೆರಡನೇ ಸಂಪುಟ 1904ರಲ್ಲಿ ಅಚ್ಚಾಯಿತು. ಭಾರತದಲ್ಲಿ ಸಹಕಾರ ಸಂಘಗಳ ಕಾನೂನು ಬಂದದ್ದೂ ಅದೇ ವರ್ಷ.

ಶಾಸನಗಳಲ್ಲಿ “ಸರ್ವಮಾನ್ಯ” ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅಂದರೆ ಆ ಭೂಮಿಗೆ ಕಂದಾಯ ಪೂರ್ತಿ ಮಾಫಿ. ಕೆರೆ ಕಟ್ಟಿಸಿದವನಿಗೆ, ಕಟ್ಟಿದ ಕೆರೆಯನ್ನು ದುರಸ್ತಿಯಲ್ಲಿ ಇಡುವವನಿಗೆ ಕೆರೆಯ ಕೆಳಗೆ ಒಂದಿಷ್ಟು ಗದ್ದೆಯನ್ನು ತೆರಿಗೆ ಬಿಟ್ಟೋ ಕಡಿಮೆ ಮಾಡಿಯೋ ಕೊಡುತ್ತಿದ್ದರು. ಅದಕ್ಕೆ ಕಟ್ಟುಕೊಡಗಿ ಎಂದು ಹೆಸರು. ಕೆರೆಗೇ ಬಿಟ್ಟ ಪಾಲಿಗೆ ಬಿತ್ತುವಟ್ಟ ಎಂದು ಹೆಸರು. ದೇವಸ್ಥಾನಕ್ಕೆ ದೇವದಾಯ, ಛತ್ರ ಅರವಟಿಗೆಗಳಿಗೆ ಧರ್ಮದಾಯ. ಇಂಥ ದಾನಗಳಿಗೂ ಒಂದು ಕಾಲ ಇರುತ್ತಿತ್ತು. ಉತ್ತರಾಯಣ ಸಂಕ್ರಮಣ, ಗ್ರಹಣ ಎಂದು ಕಲ್ಲಿನಲ್ಲೇ ಕೊರೆಸಿರುತ್ತಾರೆ. ಯಾರಾದರೂ ಈ ದಾನವನ್ನು ಕಿತ್ತುಕೊಂಡರೆ ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪವನ್ನು ಕೊನೆಗೆ ಹಾಕಿರುತ್ತಾರೆ. ಆ ಕಾಲದ ಆಡಿಟ್ ಅದೇ.

ಗಮನಿಸಬೇಕಾದದ್ದು ಏನೆಂದರೆ, ರಾಜ ತೆರಿಗೆ ಬಿಟ್ಟದ್ದು ಕೆಲಸ ನಡೆಯುವ ತನಕ. ಕೆರೆ ತೂಬು ಮುರಿದು ನೀರು ಸೋರಿದರೆ ಕೊಡಗಿಗೆ ಅರ್ಥವಿಲ್ಲ. ಕಾಲ ಕಳೆದಂತೆ ಕೆಲಸ ನಿಂತಿತು, ಮಾಫಿ ಮಾತ್ರ ಉಳಿಯಿತು. ಮುತ್ತಾತ ಅರವಟಿಗೆ ಇಟ್ಟ ಭೂಮಿಯಲ್ಲಿ ಮರಿಮಗ ಅಡಿಕೆ ಹಾಕಿಕೊಂಡು ಕಂದಾಯ ಕಟ್ಟದೆ ಇದ್ದ ಉದಾಹರಣೆ ಯಾವ ಹೋಬಳಿಯಲ್ಲೂ ಸಿಗುತ್ತದೆ. 1954ರಲ್ಲಿ ವೈಯಕ್ತಿಕ ಮತ್ತು ಇತರ ಇನಾಂಗಳನ್ನೂ, 1955ರಲ್ಲಿ ಧಾರ್ಮಿಕ ಮತ್ತು ಧರ್ಮಾರ್ಥ ಇನಾಂಗಳನ್ನೂ ರದ್ದು ಮಾಡಲು ಮೈಸೂರು ಸರ್ಕಾರ ಕಾಯಿದೆ ತಂದಿತು. ಕಲ್ಲಿನ ಮೇಲಿನ ಶಾಪವನ್ನು ಸರ್ಕಾರ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ತೆರಿಗೆಯ ಆಸೆ ಏನೇನೂ ಇಲ್ಲದೆ ಕೊಟ್ಟವರೂ ನಮ್ಮ ಮಗ್ಗುಲಲ್ಲೇ ಇದ್ದರು. ಗುಬ್ಬಿ ತೋಟದಪ್ಪನವರು ವ್ಯಾಪಾರದಲ್ಲಿ ದುಡಿದದ್ದನ್ನು ಧರ್ಮಸಂಸ್ಥೆಗೆ ಬಿಟ್ಟರು. ಬೆಂಗಳೂರಿನ ರೈಲು ನಿಲ್ದಾಣದ ಎದುರು ಅವರು ಕಟ್ಟಿಸಿದ ಛತ್ರವನ್ನು 1903ರಲ್ಲಿ ಮಹಾರಾಜರು ತೆರೆದರು. ನಮ್ಮೂರಿನ ಎಷ್ಟೋ ಜನ ಕೋರ್ಟು, ಆಸ್ಪತ್ರೆ ಎಂದು ಹೋದಾಗ ಅಲ್ಲಿ ಚಾಪೆ ಹಾಸಿದ್ದಾರೆ. ಅಲ್ಲಿನ ವಿದ್ಯಾರ್ಥಿನಿಲಯದಲ್ಲಿ ಓದಿ ಮೇಲೆ ಬಂದವರಿಗೆ ಲೆಕ್ಕವಿಲ್ಲ. 1903ರಲ್ಲಿ ದಾನಿಗೆ ತೆರಿಗೆ ಕಳೆಯುವ ಕಾನೂನೇ ಹುಟ್ಟಿರಲಿಲ್ಲ.

ಈ ಕಾನೂನು ಹೇಗೆ ಬಂತು ಎಂದರೆ, 1857ರ ದಂಗೆಯಲ್ಲಿ ಖಜಾನೆ ಖಾಲಿಯಾದ ಮೇಲೆ 1860ರಲ್ಲಿ ಜೇಮ್ಸ್ ವಿಲ್ಸನ್ ಎಂಬುವರು ಬ್ರಿಟಿಷ್ ಇಂಡಿಯಾದಲ್ಲಿ ಆದಾಯ ತೆರಿಗೆ ತಂದರು. ಮೊದಮೊದಲು ರೈತನ ಆದಾಯಕ್ಕೂ ಅದು ಬಿತ್ತು. ಹಾಗೂ ಹೀಗೂ ಹಾಕಿ ತೆಗೆದು, 1886ರ ಕಾಯಿದೆಯಲ್ಲಿ ಕೃಷಿ ಆದಾಯವನ್ನು ಬಿಟ್ಟರು. ಧರ್ಮಾರ್ಥ ಸಂಸ್ಥೆಗಳ ಆಸ್ತಿಯ ಆದಾಯವನ್ನೂ ಬಿಟ್ಟರು. ಆದರೆ ಕೊಡುವವನಿಗೆ ಏನೂ ಇರಲಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಹಳೇ 1922ರ ಕಾಯಿದೆಗೆ 15ಬಿ ಎಂಬ ಕಲಮು ಸೇರಿಸಿ ದಾನ ಕೊಟ್ಟವನಿಗೂ ರಿಯಾಯಿತಿ ಕೊಟ್ಟರು. 1961ರ ಕಾಯಿದೆಯಲ್ಲಿ ಅದು 88ನೇ ಕಲಮಾಯಿತು. 1968ರ ಏಪ್ರಿಲ್‌ನಿಂದ 80ಜಿ ಆಯಿತು. 1961ರ ಕಾಯಿದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯಿದೆ ಪಾಸಾಗಿ 2026ರ ಏಪ್ರಿಲ್ 1ರಿಂದ ಜಾರಿ ಎಂದು ಗೊತ್ತುಮಾಡಿದ್ದಾರೆ. ಅದರಲ್ಲೂ ದಾನದ ರಿಯಾಯಿತಿ ಉಂಟು, ಕಲಮಿನ ನಂಬರು ಮಾತ್ರ ಬೇರೆ. ಜನರ ಬಾಯಲ್ಲಿ ಎಯ್ಟಿ ಜಿ ಇನ್ನೂ ಐವತ್ತು ವರ್ಷ ಇರುತ್ತದೆ ಎಂದು ನಮ್ಮ ಅಂದಾಜು. ಮೈಸೂರು ರಾಜ್ಯ ಹೋಗಿ ಇಷ್ಟು ವರ್ಷವಾದರೂ ನಮ್ಮ ಅಜ್ಜಿ ಕೊನೇವರೆಗೂ ಸರ್ಕಾರ ಅನ್ನದೆ ಮಹಾರಾಜರು ಅನ್ನುತ್ತಿದ್ದರು.

ಮಾರ್ಚಿ ಯಾಕೆ ಎಂಬುದಕ್ಕೂ ಉತ್ತರ ಇದೆ. ಸರ್ಕಾರದ ಹಣಕಾಸು ವರ್ಷ ಹಿಂದೆ ಏಪ್ರಿಲ್ ಕೊನೆಗೆ ಮುಗಿಯುತ್ತಿತ್ತು. 1867ರಲ್ಲಿ ಬ್ರಿಟಿಷರು ತಮ್ಮ ದೇಶದ ಲೆಕ್ಕಕ್ಕೆ ಹೊಂದಿಸಿ ಮಾರ್ಚಿ 31ಕ್ಕೆ ತಂದರು. ನಮ್ಮ ಸಹಕಾರಿ ವರ್ಷವೂ ಒಂದು ಕಾಲಕ್ಕೆ ಜೂನ್ 30ಕ್ಕೆ ಮುಗಿಯುತ್ತಿತ್ತು ಎಂದು ಹಳೇ ಕಾರ್ಯದರ್ಶಿಗಳು ಹೇಳುತ್ತಾರೆ. ಈಗ ಎಲ್ಲಕ್ಕೂ ಮಾರ್ಚಿಯೇ. ಯುಗಾದಿಯೂ ಅದೇ ಸುಮಾರಿಗೆ ಬರುವುದರಿಂದ ಪಟ್ಟಣದ ಮಕ್ಕಳು ಹಬ್ಬಕ್ಕೆ ಬಂದಾಗ ಒಂದು ಕೈಯಲ್ಲಿ ಬೇವುಬೆಲ್ಲ, ಇನ್ನೊಂದು ಕೈಯಲ್ಲಿ ಚೆಕ್ಕು.

ಅಂಥ ಒಂದು ಮಾರ್ಚಿಯಲ್ಲಿ ನಡೆದದ್ದನ್ನು ಈಗ ಹೇಳಬೇಕು. 2011ನೇ ಇಸವಿ. ನಾವು ಹೊಸದಾಗಿ ನಿರ್ದೇಶಕರಾಗಿದ್ದೆವು. ಶಾಲೆಯ ಒಂದು ಕೋಣೆಯ ಹೆಂಚು ಹಾರಿ ಹೋಗಿತ್ತು. ಸಂಘದ ಮೂಲಕ ಹಣ ಕೂಡಿಸಿ ರಿಪೇರಿ ಮಾಡಿಸೋಣ ಎಂದು ತೀರ್ಮಾನವಾಯಿತು. ನಮ್ಮ ಸದಸ್ಯರೊಬ್ಬರ ಮಗ ಬೆಂಗಳೂರಿನ ಕಂಪನಿಯಲ್ಲಿ ಕೆಲಸದಲ್ಲಿದ್ದ. ಮಾರ್ಚಿ 29ರಂದು ಬೈಕಿನಲ್ಲಿ ಬಂದು 20,000 ರೂಪಾಯಿಗೆ ಚೆಕ್ಕು ಕೊಟ್ಟ. “ಅಣ್ಣ, ಎಯ್ಟಿ ಜಿ ಅಂತ ಬರೆದು ರಸೀದಿ ಕೊಡಿ, ಆಫೀಸಿಗೆ ಕೊಡಬೇಕು” ಅಂದ. ನಮಗಾಗಲಿ ಆಗಿನ ಕಾರ್ಯದರ್ಶಿಗಾಗಲಿ ಅದರ ತಲೆಬುಡ ಗೊತ್ತಿರಲಿಲ್ಲ. ಕೊಟ್ಟವನು ಕೇಳುತ್ತಿದ್ದಾನೆ, ಬರೆದುಕೊಟ್ಟರೆ ನಮ್ಮ ಗಂಟೇನು ಹೋಗುತ್ತದೆ ಎಂದು ಹೇಳಿದವರು ನಾವೇ. ಸಂಘದ ರಸೀದಿ ಪುಸ್ತಕದಲ್ಲಿ “ಶಾಲೆಗೆ ದಾನ, 80ಜಿ” ಎಂದು ಬರೆದು ಮೊಹರು ಒತ್ತಿ ಕೊಟ್ಟದ್ದಾಯಿತು. ಹೆಂಚು ಹಾಕಿಸಿದೆವು, ಫೋಟೋ ತೆಗೆಸಿದೆವು.

80ಜಿ ಎಂದರೆ ಬರೆದರೆ ಬರುವುದಲ್ಲ. ಸಂಸ್ಥೆಯು ಆದಾಯ ತೆರಿಗೆ ಇಲಾಖೆಯಲ್ಲಿ ಅರ್ಜಿ ಹಾಕಿ, ಲೆಕ್ಕ ತೋರಿಸಿ, ಅನುಮೋದನೆ ಪಡೆದಿರಬೇಕು. ಆ ನಂಬರು ರಸೀದಿಯ ಮೇಲೆ ಇರಬೇಕು. ಹಾಲಿನ ಸಂಘಕ್ಕೆ ಅದು ಇರುವುದಿಲ್ಲ. ಮುಂದಿನ ವರ್ಷ ಹುಡುಗನಿಗೆ ಇಲಾಖೆಯಿಂದ ಕಾಗದ ಬಂತು. ನಂಬರು ಎಲ್ಲಿ ಎಂದು ಕೇಳಿದರು. ಕೊಡುವುದಕ್ಕೆ ಇದ್ದರೆ ತಾನೆ. 20,000ದಲ್ಲಿ ಅರ್ಧ, ಅಂದರೆ 10,000 ರೂಪಾಯಿಯನ್ನು ಅವನು ಆದಾಯದಲ್ಲಿ ಕಳೆದುಕೊಂಡಿದ್ದ. ಅವನ ದರ ನೂರಕ್ಕೆ 20, ಮೇಲೆ ಸೆಸ್ಸು ಮೂರು. ಹಾಗಾಗಿ 2,060 ರೂಪಾಯಿ ತೆರಿಗೆ, ಅದರ ಬಡ್ಡಿ ಎಲ್ಲ ಕಟ್ಟಿದ. ದುಡ್ಡು ದೊಡ್ಡದಲ್ಲ. ಅವನ ಕಂಪನಿಯಲ್ಲಿ ಇವನು ಸುಳ್ಳು ರಸೀದಿ ಕೊಟ್ಟವನು ಎಂಬ ಮಾತು ಬಂತಂತೆ. ಅದು ದೊಡ್ಡದು.

ಆ ವರ್ಷದ ಸರ್ವಸದಸ್ಯರ ಸಭೆಯಲ್ಲಿ ಅವರಪ್ಪ ಎದ್ದು ನಿಂತರು. ಕೂಗಾಡಲಿಲ್ಲ. ಟವೆಲ್ಲು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, “ನಾನು ಹದಿನೈದು ವರ್ಷದಲ್ಲಿ ಹಾಲಿಗೆ ಒಂದು ತೊಟ್ಟು ನೀರು ಹಾಕಿಲ್ಲ. ಸಂಘದವರು ನನ್ನ ಮಗನ ಕಾಗದಕ್ಕೆ ನೀರು ಹಾಕಿ ಕೊಟ್ಟರಲ್ಲ” ಅಂದರು. ಸಂಘಕ್ಕೆ ಆಗ ಹನ್ನೆರಡು ವರ್ಷ, ಹದಿನೈದು ಎಂದದ್ದು ಮಾತಿನ ಭರಕ್ಕೆ. ಆದರೆ ಆ ಮಾತಿಗೆ ಯಾರಲ್ಲೂ ಉತ್ತರ ಇರಲಿಲ್ಲ. ಸಂಘದ ಹಣ ಮುಟ್ಟಬಾರದು ಎಂದು ತೀರ್ಮಾನಿಸಿ, ನಾವು ಮತ್ತು ಕಾರ್ಯದರ್ಶಿ ಸೇರಿ ಕೈಯಿಂದ ಅಷ್ಟೂ ಹಣ ಕೊಟ್ಟೆವು. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆವು. ಅವರು ತಗೊಂಡರು. ಎಣಿಸಿಯೇ ತಗೊಂಡರು. ಅದಕ್ಕೆ ನಮಗೆ ಅವರ ಮೇಲೆ ಇವತ್ತೂ ಗೌರವ.

ಆಮೇಲೆ ನಾವು ಈ ವಿಷಯವನ್ನು ಹಟ ಹಿಡಿದು ತಿಳಿದುಕೊಂಡೆವು. ಪೇಟೆಯ ಲೆಕ್ಕಪರಿಶೋಧಕರ ಬೆಂಚಿನ ಮೇಲೆ ಎಷ್ಟೋ ದಿನ ಕೂತಿದ್ದೇವೆ. ಸದಸ್ಯರ ಮಕ್ಕಳಿಗೆ ಉಪಯೋಗವಾಗಲಿ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಮೊದಲನೆ ತಪ್ಪು ತಿಳಿವಳಿಕೆ ಎಂದರೆ, ಕೊಟ್ಟದ್ದೆಲ್ಲ ವಾಪಸ್ ಬರುತ್ತದೆ ಎಂಬುದು. ಬರುವುದಿಲ್ಲ. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ, ಮುಖ್ಯಮಂತ್ರಿ ಪರಿಹಾರ ನಿಧಿ, ರಾಷ್ಟ್ರೀಯ ರಕ್ಷಣಾ ನಿಧಿ, ಇಂಥವುಗಳಿಗೆ ಕೊಟ್ಟರೆ ಪೂರ್ತಿ ಮೊತ್ತವನ್ನು ಆದಾಯದಲ್ಲಿ ಕಳೆಯಬಹುದು. ಅನುಮೋದನೆ ಪಡೆದ ಸಾಮಾನ್ಯ ಟ್ರಸ್ಟುಗಳಿಗೆ ಕೊಟ್ಟರೆ ಅರ್ಧ ಮಾತ್ರ, ಅದೂ ಆದಾಯದ ಹತ್ತನೇ ಒಂದು ಭಾಗದ ಮಿತಿಯೊಳಗೆ. ಕಳೆಯುವುದು ಆದಾಯದಲ್ಲಿ, ತೆರಿಗೆಯಲ್ಲಿ ಅಲ್ಲ. ಟ್ರಸ್ಟಿಗೆ 10,000 ಕೊಟ್ಟ ಒಬ್ಬ ನೌಕರ ನೂರಕ್ಕೆ 20ರ ದರದಲ್ಲಿದ್ದರೆ, 5,000 ಕಳೆದು, ಈಗಿನ ನಾಲ್ಕರ ಸೆಸ್ಸೂ ಸೇರಿ ಅವನಿಗೆ ಉಳಿಯುವುದು 1,040 ರೂಪಾಯಿ. ಉಳಿದ 8,960 ಅವನ ಕೈಯಿಂದಲೇ ಹೋದದ್ದು. ಒಂದು ಕಾಲಕ್ಕೆ ದೊಡ್ಡ ಸಾಹುಕಾರರಿಗೆ ಇದರಲ್ಲಿ ಭಾರಿ ಲಾಭವಿತ್ತು. 1973-74ರ ಸುಮಾರಿಗೆ ಅತಿ ಮೇಲಿನ ದರ ನೂರಕ್ಕೆ 97.75 ಇತ್ತು ಎಂದರೆ ನಂಬುತ್ತೀರಾ? ಅರ್ಧ ಕಳೆಯುವ ಲೆಕ್ಕವನ್ನು ಅಲ್ಲಿಗೆ ಹಾಕಿದರೆ ಅವನು ಕೊಟ್ಟ ನೂರು ರೂಪಾಯಿಯಲ್ಲಿ ಸುಮಾರು 49 ರೂಪಾಯಿ ಸರ್ಕಾರದ್ದೇ. ಹೆಸರು ಮಾತ್ರ ಅವನದು, ಬೋರ್ಡು ಅವನದು.

ಎರಡನೆಯದು ನಗದು. 2,000 ರೂಪಾಯಿಗೆ ಮೇಲ್ಪಟ್ಟು ನಗದಾಗಿ ಕೊಟ್ಟರೆ ರಿಯಾಯಿತಿ ಇಲ್ಲ. 2017ರಿಂದ ಹೀಗೆ, ಅದಕ್ಕೆ ಮುಂಚೆ 10,000 ಇತ್ತು. ವಸ್ತುವಾಗಿ ಕೊಟ್ಟದ್ದಕ್ಕಂತೂ ಎಷ್ಟಕ್ಕೂ ಇಲ್ಲ. ರಾಗಿ ಮೂಟೆ, ಅಕ್ಕಿ, ಸಿಮೆಂಟು, ಹಸುವಿನ ಕರು ಏನೇ ಕೊಡಿ, ಕಾನೂನಿನ ಕಣ್ಣಿಗೆ ಅದು ಕಾಣುವುದಿಲ್ಲ. ಕಣದ ದಾನಕ್ಕೆ ಈ ಕಾನೂನಿನಲ್ಲಿ ಜಾಗವೇ ಇಲ್ಲ ಎಂದಾಯಿತು. ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೂ ಇಲ್ಲ. ಕೇಂದ್ರ ಸರ್ಕಾರ ಪ್ರಕಟಣೆ ಹೊರಡಿಸಿದ ಹೆಸರಾಂತ ಗುಡಿಗಳಿಗೆ ಮಾತ್ರ ಉಂಟು. ಒಂದೇ ಜಾತಿಗೋ ಒಂದೇ ಧರ್ಮಕ್ಕೋ ಮೀಸಲಾದ ಸಂಸ್ಥೆಗೂ ಇದು ಸಿಗದು. ಪರಿಶಿಷ್ಟರು, ಹಿಂದುಳಿದವರು, ಹೆಂಗಸರು ಮಕ್ಕಳಿಗಾಗಿ ಇರುವ ಸಂಸ್ಥೆಗಳಿಗೆ ಈ ಅಡ್ಡಿ ಇಲ್ಲ.

2021-22ನೇ ಸಾಲಿನಿಂದ ಬಿಗಿ ಇನ್ನೂ ಜಾಸ್ತಿಯಾಗಿದೆ. ಸಂಸ್ಥೆಯವರೇ ದಾನಿಗಳ ಪಟ್ಟಿಯನ್ನು ಪಾನ್ ನಂಬರ್ ಸಮೇತ ಇಲಾಖೆಗೆ ಕಂಪ್ಯೂಟರಿನಲ್ಲಿ ಸಲ್ಲಿಸಿ, ಅಲ್ಲಿಂದ ಬರುವ ಸರ್ಟಿಫಿಕೇಟು ಕೊಡಬೇಕು. ಕೈಬರಹದ ರಸೀದಿಯ ಆಟ ಮುಗಿಯಿತು. ಇದು ನಮ್ಮಂಥ ತಿಳಿಯದವರಿಗೆ ಒಳ್ಳೆಯದೇ ಆಯಿತು ಎನ್ನಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಈಗ ಬಂದಿರುವ ಹೊಸ ತೆರಿಗೆ ಪದ್ಧತಿ. 2020ರಲ್ಲಿ ಬೇಕಾದವರು ಆರಿಸಿಕೊಳ್ಳಿ ಎಂದು ತಂದರು. 2023-24ರಿಂದ ನಾವು ಬೇರೆ ಹೇಳದಿದ್ದರೆ ಅದೇ ಲೆಕ್ಕ. ಅದರಲ್ಲಿ ದರ ಕಡಿಮೆ, 2025-26ರಿಂದ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯೇ ಬೀಳದಂತೆ ಮಾಡಿದ್ದಾರೆ. ಆದರೆ ಆ ಪದ್ಧತಿಯಲ್ಲಿ ಇರುವವರಿಗೆ ದಾನದ ರಿಯಾಯಿತಿ ಇಲ್ಲ. ಬೆಂಗಳೂರಿನಲ್ಲಿ ನಮ್ಮನ್ನು ಎಯ್ಟಿ ಜಿ ಕೇಳಿದ ಒಬ್ಬ ಹುಡುಗನಿಗೆ, ನೀನು ಯಾವ ಪದ್ಧತಿಯಲ್ಲಿದ್ದೀಯಪ್ಪ ಎಂದು ನಾವೇ ತಿರುಗಿ ಕೇಳಿದೆವು. ಮೊಬೈಲು ತೆಗೆದು ನೋಡಿದ. ಹೊಸದು. “ಹಾಗಾದರೆ ನಿನಗೆ ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ” ಅಂದೆವು. ನಕ್ಕು ಹಣ ಕೊಟ್ಟ.

ಅಮೆರಿಕಾದಲ್ಲಿರುವ ನಮ್ಮೂರ ಹುಡುಗರು ಫೋನು ಮಾಡುವುದು ಡಿಸೆಂಬರ್ ಕೊನೆಯಲ್ಲಿ. ಅವರ ತೆರಿಗೆ ವರ್ಷ ಆಗ ಮುಗಿಯುತ್ತದೆ. ಅಲ್ಲಿ ದಾನಕ್ಕೆ ರಿಯಾಯಿತಿ 1917ರಿಂದಲೇ ಇದೆ. ಆದರೆ ಅಲ್ಲಿನ ಕಾನೂನಿನಲ್ಲಿ ನೋಂದಾಯಿಸಿದ ಸಂಸ್ಥೆಗೆ ಕೊಟ್ಟರೆ ಮಾತ್ರ, ನಮ್ಮೂರ ಶಾಲೆಗೆ ನೇರ ಕಳಿಸಿದರೆ ಇಲ್ಲ. ಇನ್ನೊಂದು ಎಚ್ಚರಿಕೆ. ಇನ್ನೂ ಭಾರತದ ಪ್ರಜೆಯಾಗಿರುವವನು ತನ್ನ ದುಡಿಮೆಯದನ್ನು ಬ್ಯಾಂಕಿನ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅಲ್ಲಿಯ ಪ್ರಜೆಯಾಗಿಬಿಟ್ಟವನು ಕಳಿಸಿದರೆ ಅದು ವಿದೇಶಿ ದೇಣಿಗೆ. 2010ರ ಕಾಯಿದೆಯಂತೆ ನೋಂದಣಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ, ನಮ್ಮೂರ ಮಗನೇ ಆದರೂ.

ಇಷ್ಟೆಲ್ಲ ಕೇಳಿದ ಮೇಲೆ ರೈತ ಸದಸ್ಯರು, ನಮಗೇನು ಬಂತು ಎನ್ನಬಹುದು. ನಿಜ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಕಟ್ಟದವನಿಗೆ ಕಳೆಯುವುದೇನಿದೆ. ಮಾತಿಗೆ ಹೇಳುತ್ತೇವೆ, ಹಾಲಿನ ದುಡ್ಡು ಕಾನೂನಿನಲ್ಲಿ ಕೃಷಿ ಆದಾಯ ಅಲ್ಲ, ವ್ಯಾಪಾರದ ಆದಾಯ. ಎರಡು ಮೂರು ಹಸು ಕಟ್ಟಿದ ನಮಗೆ ಮಿತಿ ಮುಟ್ಟುವುದಿಲ್ಲ, ದೊಡ್ಡ ಫಾರಂ ಮಾಡಿದವರು ನೋಡಿಕೊಳ್ಳಬೇಕು. ಸಂಘಕ್ಕೂ ಹಾಗೆಯೇ. ಸದಸ್ಯರ ಹಾಲನ್ನು ಒಕ್ಕೂಟಕ್ಕೆ ಕಳಿಸುವ ಪ್ರಾಥಮಿಕ ಸಂಘದ ಆ ಲಾಭವನ್ನು 80ಪಿ ಕಲಮಿನಲ್ಲಿ ಪೂರ್ತಿ ಕಳೆಯಲು ಬಿಟ್ಟಿದ್ದರು. ಹಾಗಾಗಿ ನಮ್ಮ ಸಂಘ ಈ ತನಕ ಕೊಟ್ಟ ದಾನ ಯಾವುದೂ ತೆರಿಗೆ ಉಳಿಸುವುದಕ್ಕೆ ಕೊಟ್ಟದ್ದಲ್ಲ.

ಆದರೂ ಸಹಕಾರಿಗಳ ದಾನಕ್ಕೆ ಅದರದೇ ಕಾನೂನು, ಅದರದೇ ಇತಿಹಾಸ ಇದೆ. ಇದನ್ನು ಬಹಳ ಜನ ತಿಳಿದಿಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಅಂಥ ಸಂಘಗಳು ನಾಲ್ಕು ಕಾಸು ಕಂಡಾಗ ಊರವರು ಬಂದು ಜಾತ್ರೆಗೆ ಕೊಡಿ, ಬಾವಿಗೆ ಕೊಡಿ ಎಂದು ಕೇಳುವುದು ಸಹಜ. 1912ರ ಕಾಯಿದೆಯ 34ನೇ ಕಲಮು ಅದಕ್ಕೆ ಒಂದು ಗೆರೆ ಎಳೆಯಿತು. ನಿವ್ವಳ ಲಾಭದ ಕಾಲು ಭಾಗ ಮೊದಲು ಕಾಯ್ದಿಟ್ಟ ನಿಧಿಗೆ ಹೋಗಬೇಕು. ಉಳಿದದ್ದರಲ್ಲಿ ನೂರಕ್ಕೆ ಹತ್ತು ಮೀರದಂತೆ, ರಿಜಿಸ್ಟ್ರಾರರ ಒಪ್ಪಿಗೆ ಪಡೆದು ಧರ್ಮಕಾರ್ಯಕ್ಕೆ ಕೊಡಬಹುದು. ಲಕ್ಷ ರೂಪಾಯಿ ಲಾಭವಾದರೆ 25,000 ಕಾಯ್ದಿಟ್ಟು, ಉಳಿದ 75,000ದಲ್ಲಿ ಹೆಚ್ಚೆಂದರೆ 7,500. ಧರ್ಮಕಾರ್ಯ ಎಂದರೆ ಯಾವುದು ಎಂಬುದಕ್ಕೆ 1890ರ ಧರ್ಮಾರ್ಥ ದತ್ತಿ ಕಾಯಿದೆಯ ಅರ್ಥವನ್ನೇ ಹಿಡಿದರು. ಬಡವರ ನೆರವು, ವಿದ್ಯೆ, ವೈದ್ಯ, ಸಾರ್ವಜನಿಕ ಉಪಯೋಗದ ಕೆಲಸ. ಬರೀ ಪೂಜೆ, ಮತಬೋಧನೆಗೆ ಮಾತ್ರ ಇದಲ್ಲ. ನಮ್ಮ ಬೈಲಾದಲ್ಲಿ ಲಾಭ ವಿಲೇವಾರಿ ಎಂಬ ಭಾಗದಲ್ಲಿ ಕಾಯ್ದಿಟ್ಟ ನಿಧಿ, ಬೋನಸ್ಸು, ಸಹಕಾರ ಶಿಕ್ಷಣ ನಿಧಿ ಇವುಗಳ ಜೊತೆ ಧರ್ಮಾರ್ಥ ನಿಧಿ ಎಂಬ ಒಂದು ಸಾಲು ಇದೆಯಲ್ಲ, ಆ ಸಾಲಿಗೆ ನೂರು ವರ್ಷಕ್ಕೂ ಮೇಲಿನ ಬೇರು ಇದೆ.

ನಮ್ಮ ಸಂಘ ಆ ಸಾಲಿನಿಂದ ಏನು ಮಾಡಿತು ಎಂದರೆ, ಪ್ರತಿ ವರ್ಷ ಶಾಲಾ ಮಕ್ಕಳಿಗೆ ನೋಟು ಪುಸ್ತಕ, ಬರದ ವರ್ಷ ಜಾನುವಾರು ತೊಟ್ಟಿಗೆ ಟ್ಯಾಂಕರ್ ನೀರು. 2019ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕದಲ್ಲಿ ಪ್ರವಾಹ ಬಂದಾಗ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಚೆಕ್ಕು ಕಳಿಸಿದೆವು. ಸಣ್ಣ ಮೊತ್ತಗಳೇ. ಪ್ರತಿಯೊಂದಕ್ಕೂ ಸಭೆಯ ಠರಾವು, ಓಚರು, ಆಡಿಟ್ ಇದೆ. ಅರ್ಧ ಲೀಟರ್ ಹಾಲು ಹಾಕುವ ವಿಧವೆ ತಾಯಿಯೂ ಎದ್ದು ನಿಂತು “ನಮ್ಮ ದುಡ್ಡಲ್ಲಿ ಯಾರಿಗೆ ಎಷ್ಟು ಕೊಟ್ಟಿರಿ” ಎಂದು ಕೇಳಬಹುದು. ಕೇಳಿದ್ದಾರೆ ಕೂಡ. ಕಣದಲ್ಲಿ ತಾತ ಕೊಟ್ಟದ್ದನ್ನು ಯಾರೂ ಕೇಳುವಂತಿರಲಿಲ್ಲ.

ಈಗ ಆಡಳಿತ ಮಂಡಳಿಯ ಮುಂದೆ ಇರುವ ವಿಷಯ ಇದು. ಬೆಳ್ಳಿಹಬ್ಬದ ನೆನಪಿಗೆ ಶಾಲೆಯ ಪಕ್ಕ ಒಂದು ಓದುವ ಕೋಣೆ ಆಗಬೇಕು. ಪಟ್ಟಣದವರ ಹಣ ಬರಬೇಕಾದರೆ ಒಂದು ಟ್ರಸ್ಟ್ ನೋಂದಾಯಿಸಿ ಎಯ್ಟಿ ಜಿ ತರಿಸೋಣ ಎನ್ನುವುದು ಕೆಲವು ನಿರ್ದೇಶಕರ ಅಭಿಪ್ರಾಯ. ತಪ್ಪೇನಿಲ್ಲ, ಎಷ್ಟೋ ಒಳ್ಳೇ ಟ್ರಸ್ಟುಗಳು ನಡೆಯುತ್ತಿವೆ. ನಮಗೆ ಮಾತ್ರ ಹಿಂಜರಿಕೆ. ಕೆಲವು ವರ್ಷದ ಹಿಂದೆ ಪೇಟೆಯಿಂದ ಒಬ್ಬ ಏಜೆಂಟು ಬಂದಿದ್ದ. “ನೀವು ಟ್ರಸ್ಟ್ ಮಾಡಿ, ಲಕ್ಷಗಟ್ಟಲೆ ಚೆಕ್ಕು ನಾನು ಕೊಡಿಸುತ್ತೇನೆ, ನೂರಕ್ಕೆ ಐದು ಇಟ್ಟುಕೊಂಡು ಉಳಿದದ್ದು ನಗದಾಗಿ ವಾಪಸ್ ಕೊಟ್ಟುಬಿಡಿ, ಊರೂ ಉದ್ಧಾರ ನೀವೂ ಉದ್ಧಾರ” ಅಂದ. ಅವನಿಗೆ ಟೀ ಕೊಟ್ಟು ಬಸ್ಸು ಹತ್ತಿಸಿದೆವು. ಒಂದು ರಸೀದಿಯ ತಪ್ಪಿಗೇ ಒಬ್ಬ ತಂದೆಯ ಮುಂದೆ ತಲೆ ತಗ್ಗಿಸಿ ನಿಂತವರು ನಾವು. ಟ್ರಸ್ಟ್ ಎಂದರೆ ನಾಲ್ಕೈದು ಜನ ಟ್ರಸ್ಟಿಗಳ ಕೈ. ಅಲ್ಲಿ ಸರ್ವಸದಸ್ಯರ ಸಭೆ ಇಲ್ಲ, ಅರ್ಧ ಲೀಟರಿನ ತಾಯಿಗೆ ಎದ್ದು ನಿಲ್ಲುವ ಜಾಗವಿಲ್ಲ. ಮಾಡುವುದಾದರೆ ಅದರ ಲೆಕ್ಕವೂ ಪ್ರತಿ ವರ್ಷ ಸಂಘದ ಸಭೆಯ ಮುಂದೆ ಬರಬೇಕು ಎಂಬ ಷರತ್ತು ಪತ್ರದಲ್ಲೇ ಬರೆಯಬೇಕು ಎಂಬುದು ನಮ್ಮ ಮಾತು. ಮುಂದಿನ ಸಭೆಯಲ್ಲಿ ಸದಸ್ಯರೇ ತೀರ್ಮಾನ ಮಾಡಲಿ.

ಅಲ್ಲಿಯವರೆಗೆ ಬೆಳ್ಳಿಹಬ್ಬದ ನಿಧಿಗೆ ಅಚ್ಚು ಹಾಕಿಸಿದ ರಸೀದಿಯ ಕೆಳಗೆ “ಈ ರಸೀದಿಗೆ ಆದಾಯ ತೆರಿಗೆ ವಿನಾಯಿತಿ ಇರುವುದಿಲ್ಲ” ಎಂದು ದಪ್ಪಕ್ಷರದಲ್ಲಿ ಹಾಕಿಸಿದ್ದೇವೆ. ಹೀಗೆ ಹಾಕಿಸಿದರೆ ಯಾರು ಕೊಡುತ್ತಾರೆ ಎಂದು ಪ್ರೆಸ್ಸಿನವರೇ ನಕ್ಕರು. ಪುಸ್ತಕ ಬಂದ ದಿನ ಸಂಜೆ ಹಾಲು ಹಾಕಲು ಬಂದಿದ್ದ ಆ ತಂದೆ, ಈಗ ಎಪ್ಪತ್ತು ದಾಟಿದ್ದಾರೆ, ಕನ್ನಡಕ ಹಾಕಿಕೊಂಡು ಆ ಸಾಲನ್ನು ಎರಡು ಸಾರಿ ಓದಿದರು. ಮಗನಿಗೆ ಫೋನು ಹಚ್ಚಿ ಓದಿ ಹೇಳಿದರು. ಆಮೇಲೆ ಮಗನ ಹೆಸರಿಗೆ ಬರೆಯಿರಿ ಎಂದು 500 ರೂಪಾಯಿ ಕೊಟ್ಟರು, ಉಳಿದದ್ದು ಅವನೇ ಬಂದು ಕೊಡುತ್ತಾನಂತೆ. ಪುಸ್ತಕ ಸಂಘದ ಕಚೇರಿಯಲ್ಲಿದೆ. ಬೆಳಿಗ್ಗೆ ಸಂಜೆ ಹಾಲಿನ ಹೊತ್ತಿನಲ್ಲಿ ಕಾರ್ಯದರ್ಶಿಗಳು ಸಿಗುತ್ತಾರೆ.